ಬುಲ್ಡೋಜರ್ ಹತ್ತಿದ ಕುರ್ಚಿ

ನಮ್ಮ ಮಗಳು ಬುಲ್ಡೋಜರ್ ಕೊಂಡು ತಂದ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಸಣ್ಣ ಬುಲ್ಡೋಜರ್. ದೊಡ್ಡದರ ಪಕ್ಕ ನಿಲ್ಲಿಸಿದರೆ ಅದರ ಮರಿಯ ಹಾಗೆ ಕಾಣುತ್ತಿತ್ತು. ಬಣ್ಣ ಒಂದು ಕಾಲಕ್ಕೆ ಹಳದಿ ಇದ್ದಿರಬೇಕು. ಇಂಜಿನ್ ಗಟ್ಟಿಮುಟ್ಟಾಗಿತ್ತು, ಚೈನುಗಳು ಚೆನ್ನಾಗಿದ್ದವು, ಮಣ್ಣು ತಳ್ಳುವ ಬ್ಲೇಡಿಗೆ ಒಂದು ಬಿರುಕೂ ಇರಲಿಲ್ಲ. ಕೈಕೊಟ್ಟದ್ದು ಸೀಟೊಂದೇ.

ಸೀಟು ಅಂದರೆ ಒಂದು ಕಬ್ಬಿಣದ ತಟ್ಟೆ, ಅದರ ಮೇಲೆ ಹರಿದ ರೆಕ್ಸಿನ್ನು, ಒಳಗೆ ಚಪ್ಪಟೆಯಾದ ಫೋಮು. ಹಿಂದಿನ ಮಾಲೀಕ ದಢೂತಿ ಆಸಾಮಿ. ವರ್ಷಗಟ್ಟಲೆ ಕೂತು ಕೂತು ಆ ಫೋಮಿನಲ್ಲಿ ತನ್ನದೇ ಅಳತೆಯ ಹಳ್ಳ ಮಾಡಿಟ್ಟಿದ್ದ. ನಮ್ಮ ಮಗಳನ್ನು ಎಲ್ಲರೂ ಕರೆಯುವುದೇ ಗುಬ್ಬಿ ಎಂದು. ಅವಳು ಆ ಹಳ್ಳದಲ್ಲಿ ಕೂತರೆ ದೂರದಿಂದ ನೋಡಿದವರಿಗೆ ಬುಲ್ಡೋಜರ್ ತಾನಾಗಿಯೇ ಓಡುತ್ತಿದೆ ಅನ್ನಿಸಬೇಕು, ಹಾಗಿತ್ತು.

ಬೇರೆಯವರ ಗಾಡಿ ಓಡಿಸಿ ಸಾಕಾಗಿ ಅವಳು ಇದನ್ನು ಕೊಂಡಿದ್ದಳು. ಊರಾಚೆ ಒಂದು ಹೊಸ ಶಾಲೆಯ ಆಟದ ಮೈದಾನವನ್ನು ಸಮತಟ್ಟು ಮಾಡುವ ಕೆಲಸ ಶುರುವಾಗಿತ್ತು. ಅದು ಪೂರ್ತಿ ಅವಳ ಕೈಗೆ ಬಂದರೆ ಮಷಿನ್ ಮನೆಯಲ್ಲಿ ಉಳಿಯುತ್ತದೆ. ಬಾರದಿದ್ದರೆ ಅದನ್ನು ಮಾರಿ ಮತ್ತೆ ಇನ್ನೊಬ್ಬರ ಕೈಕೆಳಗೆ ಹೋಗಬೇಕು.

ಮೊದಲ ದಿನ ನಾನು ಹಾಸಿಗೆಯ ದಿಂಬೊಂದನ್ನು ಕೊಟ್ಟು ಕಳಿಸಿದ್ದೆ. ಮಷಿನ್ ಕುಲುಕಿದ ಹಾಗೆಲ್ಲ ಅದು ಜಾರಿ ಜಾರಿ, ಕೊನೆಗೆ ಚೈನಿಗೆ ಸಿಕ್ಕಿ, ಮೈದಾನದ ತುಂಬ ಹತ್ತಿ ಹಾರಾಡಿತಂತೆ. ಆಮೇಲೆ ಅವಳು ನಿಂತುಕೊಂಡೇ ಓಡಿಸಿದಳು. ಅಲ್ಲಿನ ಮೇಸ್ತ್ರಿ ನೋಡಿ ನಕ್ಕ.

"ಏನಮ್ಮಾ ಗುಬ್ಬಿ, ಬುಲ್ಡೋಜರ್ ಓಡಿಸ್ತಿದ್ದೀಯೋ, ಬಸ್ಸಲ್ಲಿ ಸೀಟು ಸಿಗದೆ ನೇತಾಡ್ತಿದ್ದೀಯೋ?"

ನಗು ಮುಗಿದ ಮೇಲೆ ಹೇಳಿದ: "ನೆಲ ನೋಡು, ಅಲೆ ಅಲೆಯಾಗಿದೆ. ನಿಂತು ಓಡಿಸಿದ್ರೆ ಕೈ ನಿಲ್ಲಲ್ಲ. ಸೋಮವಾರ ಸರಿಯಾಗಿ ಕೂತು ಒಂದು ದಿನ ಕೆಲಸ ಮಾಡಿ ತೋರಿಸು. ಚೆನ್ನಾಗಿ ಬಂದ್ರೆ ಮೈದಾನ ಪೂರ್ತಿ ನಿಂದು. ಇಲ್ಲ ಅಂದ್ರೆ ದೊಡ್ಡ ಮಷಿನ್‌ನವರಿಗೆ ಹೇಳ್ಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಮನೆಗೆ ಬಂದವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಉಂಡಳು.

"ಕೂತ್ಕೊಂಡು ಊಟ ಮಾಡೇ," ಅಂದೆ.

"ಬೇಡಮ್ಮ. ಕೂರೋದು ಅನ್ನೋ ಮಾತೇ ಎತ್ತಬೇಡ."

ಅವಳ ಅಪ್ಪ ತಟ್ಟೆಯಿಂದ ತಲೆ ಎತ್ತಿದರು. ಇವರದು ಕ್ಷೌರದಂಗಡಿ. ಎರಡು ಕುರ್ಚಿಗಳಿವೆ, ಒಂದು ಹೊಸತು, ಒಂದು ಹಳೆಯದು. ಹಳೆಯದರ ಮೇಲೆ ಇವರಿಗೆ ನನ್ನ ಮೇಲಿರುವುದಕ್ಕಿಂತ ಒಂದು ತೂಕ ಹೆಚ್ಚೇ ಪ್ರೀತಿ. ದಪ್ಪ ಸ್ಪ್ರಿಂಗು, ಎತ್ತರದ ಬೆನ್ನು, ತಲೆ ಒರಗಿಸಲು ಮೆತ್ತೆ. ಅದರಲ್ಲಿ ಕೂತ ಗಿರಾಕಿಗೆ ಕತ್ತರಿಯ ಸದ್ದು ಕೇಳುವ ಮೊದಲೇ ಕಣ್ಣು ಮುಚ್ಚಿಹೋಗುತ್ತದೆ.

"ನನ್ನ ಹಳೇ ಕುರ್ಚಿ ತಗೋ," ಅಂದರು.

"ಬುಲ್ಡೋಜರಿಗಾ?"

"ಯಾಕೆ, ಬುಲ್ಡೋಜರಿಗೆ ಮರ್ಯಾದೆ ಇಲ್ವಾ? ಎಂತೆಂಥವರೋ ಕೂತೆದ್ದ ಕುರ್ಚಿ ಅದು. ಒಬ್ಬರಾದ್ರೂ ಬೆನ್ನು ನೋವು ಅಂದಿದ್ದಾರಾ ಕೇಳು."

ಹೀಗೆ ಕುರ್ಚಿ ನನ್ನ ತಮ್ಮನ ವೆಲ್ಡಿಂಗ್ ಅಂಗಡಿಗೆ ಹೋಯಿತು. ಇವರಿಬ್ಬರೂ ಭಾವ, ಭಾವಮೈದ. ಒಂದೇ ಜಾಗದಲ್ಲಿ ನಿಂತರೆ ಮಾತಿಗೆ ಮಾತು ಬೆಳೆಯದೆ ಇರುವುದಿಲ್ಲ. ತಮ್ಮ ಕುರ್ಚಿಯ ಕೆಳಗಿನ ಉದ್ದದ ಕಂಬ ಕೊಯ್ದ. ಕಾಲಿಡುವ ಹಲಗೆ ತೆಗೆದ. ಬ್ಲೇಡಿನ ಲಿವರಿಗೆ ಅಡ್ಡ ಬರುತ್ತಿದ್ದ ಬಲಗೈ ಹಿಡಿಯನ್ನೂ ತೆಗೆದ. ಒಂದೊಂದು ಕಡೆ ಕೊಯ್ದಾಗಲೂ ಇವರು ಹಲ್ಲು ಕೀಳಿಸಿಕೊಂಡವರ ಹಾಗೆ ಮುಖ ಮಾಡುತ್ತಿದ್ದರು.

"ಭಾವ, ನೀವು ಹೊರಗೆ ಹೋಗಿ ನಿಂತ್ಕೊಳ್ಳಿ," ಅಂದ ತಮ್ಮ. "ನಿಮ್ಮ ಮುಖ ನೋಡಿದ್ರೆ ನನ್ನ ಕೈ ನಡುಗುತ್ತೆ."

"ನಿನ್ನ ಕೈ ಯಾವತ್ತು ನಡುಗದೆ ಇತ್ತು? ನಮ್ಮ ಮನೆ ಗೇಟು ಇವತ್ತಿಗೂ ಮುಚ್ಚಲ್ಲ."

ಮೆತ್ತೆಯ ಕೆಲಸ ನನ್ನದು. ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಮಧ್ಯಾಹ್ನ ಕೂತೆ. ತಳಕ್ಕೆ ಗಟ್ಟಿ ಫೋಮು, ಅದರ ಮೇಲೆ ಮೆತ್ತನೆಯದು. ತೊಡೆಗೆ ತಾಗುವ ಅಂಚನ್ನು ದುಂಡಗೆ ಕತ್ತರಿಸಿದೆ. ಅಂಚು ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ. ಹೊಸ ರೆಕ್ಸಿನ್ನಿಗೆ ನನ್ನ ಹೊಲಿಗೆ ಮಷಿನ್ನಿನ ಸೂಜಿ ಟಪ್ಪೆಂದು ಮುರಿಯಿತು. ಇನ್ನೊಂದು ಹಾಕಿದೆ, ಅದೂ ಅದೇ ದಾರಿ ಹಿಡಿಯಿತು. ಕೊನೆಗೆ ದಬ್ಬಳ ಹಿಡಿದು, ಮೂಟೆ ಹೊಲಿದ ಹಾಗೆ ಕೈಯಲ್ಲೇ ಹೊಲಿದು ಮುಗಿಸಿದೆ.

ಬುಲ್ಡೋಜರಿಗೆ ಏರಿಸುವ ಮೊದಲು ಅಂಗಡಿಯ ನೆಲದ ಮೇಲೆ ಇಟ್ಟು ಎಲ್ಲರೂ ಕೂತು ನೋಡಿದೆವು. ತಮ್ಮ ಕೂತ. ತಲೆ ಹಿಂದಕ್ಕೆ ಹಾಕಿದ. ಇವರ ಕೈ ತಾನಾಗಿಯೇ ಅವನ ಗದ್ದಕ್ಕೆ ಹೋಯಿತು.

"ಗಡ್ಡ ಬೋಳಿಸ್ಲಾ?"

"ಸುಮ್ನಿರಿ ಭಾವ. ಸೀಟು ಪರೀಕ್ಷೆ ಮಾಡ್ತಿದ್ದೀನಿ."

"ಗೊರಕೆ ಹೊಡ್ಕೊಂಡು ಪರೀಕ್ಷೆ ಮಾಡೋನ್ನ ಇವತ್ತೇ ನೋಡಿದ್ದು."

ನಾನೂ ಕೂತೆ. ಮನೆಗೆ ಹೋಗುವುದೇ ಬೇಡ ಅನ್ನಿಸಿತು. ಮಗಳು ಕೂತು, ಕಾಲು ಚಾಚಿ, "ಅಮ್ಮಾ, ಇದನ್ನ ಮೊದಲೇ ಯಾಕೆ ಕೊಡಿಸಲಿಲ್ಲ?" ಅಂದಳು. ಎದುರಿಗೆ ಗೋಡೆ ನೋಡುತ್ತಾ ಒಬ್ಬೊಬ್ಬರಾಗಿ ಕೂತು ಎದ್ದೆವು. ಯಾರಿಗೂ ಒಂದು ಕೊರತೆಯೂ ಕಾಣಲಿಲ್ಲ.

ಕಂಡದ್ದು ಮಷಿನ್ ಮೇಲೆ ಕೂರಿಸಿ ಓಡಿಸಿದಾಗ. ಕಂಬ ಕೊಯ್ದರೂ ಕುರ್ಚಿ ತಿರುಗುವ ತಿರುಗಣೆ ಅದರ ಹೊಟ್ಟೆಯಲ್ಲೇ ಉಳಿದಿತ್ತು. ಬುಲ್ಡೋಜರಿಗೆ ಸ್ಟೇರಿಂಗ್ ಇಲ್ಲ, ಎಡಕ್ಕೊಂದು ಬಲಕ್ಕೊಂದು ಲಿವರು. ಎಡಕ್ಕೆ ಹೋಗಬೇಕಾದರೆ ಎಡದ್ದನ್ನು ಬಲವಾಗಿ ಎಳೆಯಬೇಕು. ಗುಬ್ಬಿ ಎಳೆದಳು. ಬಿಗಿಯಾಗಿದ್ದ ಲಿವರು ಜಪ್ಪಯ್ಯ ಅನ್ನಲಿಲ್ಲ, ತಿರುಗಿದ್ದು ಅವಳು. ಮಷಿನ್ ನೆಟ್ಟಗೆ ಹೊರಟಿತು. ಅವಳು ಮಾತ್ರ ಪಕ್ಕದಲ್ಲಿ ನಡೆಯುತ್ತಿದ್ದ ನನ್ನ ಕಡೆ ಮುಖ ಮಾಡಿ, ಮೆರವಣಿಗೆಯಲ್ಲಿ ಕೂತವಳ ಹಾಗೆ ಸಾಗಿದಳು.

"ಅಮ್ಮಾ! ಮಷಿನ್ ಎತ್ತ ಹೋಗ್ತಿದೆ?"

"ಮರಳು ಗುಡ್ಡೆ ಕಡೆಗೆ ಕಣೇ! ನಿಲ್ಲಿಸೇ!"

ಪುಣ್ಯಕ್ಕೆ ಗುಡ್ಡೆಯೇ ನಿಲ್ಲಿಸಿತು. ತಮ್ಮ ಓಡಿಬಂದು, ಕುರ್ಚಿಯನ್ನು ನೆಟ್ಟಗೆ ತಿರುಗಿಸಿ, ತಿರುಗಣೆಯ ಸುತ್ತ ಕಬ್ಬಿಣದ ಪಟ್ಟಿ ಇಟ್ಟು ವೆಲ್ಡ್ ಮಾಡಿಬಿಟ್ಟ.

"ಇನ್ನು ಭೂಮಿ ಅಲ್ಲಾಡಬೇಕೇ ಹೊರತು ಈ ಕುರ್ಚಿ ಅಲ್ಲಾಡಲ್ಲ," ಅಂದ.

ಸೋಮವಾರ ಬೆಳಿಗ್ಗೆ ಗುಬ್ಬಿ ಮೈದಾನಕ್ಕೆ ಹೋದಳು. ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹೊರಟೆ. ಇವರೂ ಅಂಗಡಿಯ ಬಾಗಿಲು ಎಳೆದುಕೊಂಡು ಬಂದರು. ಮಗಳನ್ನು ನೋಡಲು ಎಂದರು. ಕುರ್ಚಿಯನ್ನು ನೋಡಲು ಎಂದು ನನಗೆ ಗೊತ್ತು.

ಅವಳು ಕೆಳಗಿಳಿದು ಬಂದಳು. ಬೆನ್ನು ನೆಟ್ಟಗಿತ್ತು, ನಡಿಗೆ ಸರಿಯಿತ್ತು, ಆದರೆ ಕತ್ತು ಬಲಗಡೆಗೆ ತಿರುಗಿದ್ದು ಅಲ್ಲೇ ನಿಂತಿತ್ತು. ನನ್ನ ಜೊತೆ ಮಾತಾಡುತ್ತಾ ಮೇಸ್ತ್ರಿಯ ಶೆಡ್ಡು ನೋಡುತ್ತಿದ್ದಳು.

"ಏನಾಯ್ತೇ?"

"ಸೊಂಟಕ್ಕೆ ಏನೂ ಆಗಿಲ್ಲಮ್ಮ, ಹಾಯಾಗಿದೆ. ಕತ್ತೇ ಬರ್ತಿಲ್ಲ."

ಇವರು ತಕ್ಷಣ ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದರು. ಗಿರಾಕಿಗಳ ಕತ್ತು ಟಕ್ ಅನ್ನಿಸಿ ಅಭ್ಯಾಸ.

"ಅಪ್ಪಾ, ಬಿಡಿ! ಇರೋ ಕತ್ತೂ ಹೋಗುತ್ತೆ!"

ಮೇಸ್ತ್ರಿ ಶೆಡ್ಡಿನಿಂದ ಹೊರಗೆ ಬಂದ. "ಮುಂದಕ್ಕೆ ಹೋಗುವಾಗ ಕೆಲಸ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಹಿಂದಕ್ಕೆ ಬರುವಾಗ ಎರಡು ಸಲ ಗುರುತಿನ ಗೂಟ ಕಿತ್ತಾಕಿದ್ಲು. ಆ ಮೂಲೆ ಇನ್ನೂ ಬಾಕಿ ಇದೆ. ಸಂಜೆಗೆ ಮುಗೀಲಿಲ್ಲ ಅಂದ್ರೆ ನಾನು ದೊಡ್ಡ ಮಷಿನ್‌ನವರಿಗೆ ಫೋನ್ ಮಾಡ್ಲೇಬೇಕು."

ಅವನು ಹೋದ ಮೇಲೆ ಗುಬ್ಬಿ ಊಟದ ಡಬ್ಬಿ ಮುಚ್ಚಿಟ್ಟಳು. ನನಗೆ ಅವಳನ್ನು ಗೊತ್ತು. ಅಳು ಬಂದರೆ ಮೊದಲು ಊಟ ಬಿಡುತ್ತಾಳೆ.

"ಒಂದು ಸುತ್ತು ಓಡಿಸು, ನಾನು ನೋಡ್ತೀನಿ," ಅಂದೆ.

"ನೋಡಿ ಏನು ಮಾಡ್ತೀಯಮ್ಮ?"

"ನೋಡ್ತೀನಿ ಅಷ್ಟೇ. ಹೋಗು."

ಅವಳು ಹತ್ತಿ ಓಡಿಸಿದಳು. ಬ್ಲೇಡು ಇಳಿಸಿ ಮಣ್ಣು ತಳ್ಳುತ್ತಾ ಆ ತುದಿಯವರೆಗೆ ಹೋದಳು. ರಾಣಿಯ ಹಾಗೆ ಕೂತಿದ್ದಳು. ಅಲ್ಲಿಂದ ಹಿಂದಕ್ಕೆ ಬರಬೇಕು. ಸೀಟಿನ ಎತ್ತರದ ಬೆನ್ನು, ಅದರ ಮೇಲಿನ ತಲೆಮೆತ್ತೆ, ಎರಡೂ ಗೋಡೆ ಕಟ್ಟಿದ ಹಾಗೆ ಅಡ್ಡ. ಅವಳು ಅರ್ಧ ಎದ್ದು, ಸೊಂಟ ತಿರುಚಿ, ಕತ್ತು ಹೊರಳಿಸಿ, ಬಲ ಭುಜದ ಮೇಲಿಂದ ಇಣುಕುತ್ತಾ ಈ ತುದಿಯವರೆಗೂ ಬಂದಳು. ಮತ್ತೆ ಮುಂದೆ, ಮತ್ತೆ ಹಿಂದೆ. ಎಷ್ಟು ದೂರ ಮುಂದೆಯೋ ಅಷ್ಟೇ ದೂರ ಹಿಂದೆ.

"ರೀ," ಅಂದೆ, "ಇವಳು ಅರ್ಧ ದಿನ ಹಿಂದಕ್ಕೇ ನೋಡ್ತಾಳೆ. ನಿಮ್ಮ ಕುರ್ಚಿ ಮಾತ್ರ ದಿನಪೂರ್ತಿ ಮುಂದೆ ನೋಡ್ಕೊಂಡು ಕೂತಿದೆ."

ಇವರು ಕುರ್ಚಿಯ ಕಡೆ ನೋಡಿದರು. "ಕನ್ನಡಿ ಮುಂದೆ ಇರೋ ಕುರ್ಚಿ ಅಲ್ವೇನೇ ಅದು," ಅಂದರು ಆಮೇಲೆ. "ನನ್ನ ಅಂಗಡೀಲಿ ಯಾರಿಗೂ ಹಿಂದೆ ನೋಡೋ ಕೆಲಸ ಇಲ್ಲ. ಹಿಂದೆ ಇರೋದು ನಾನೇ."

ತಮ್ಮನಿಗೆ ಫೋನ್ ಮಾಡಿದೆ. ಅವನು ಕಬ್ಬಿಣ ಕೊಯ್ಯುವ ಮಷಿನ್ ಹಿಡಿದುಕೊಂಡು ಬಂದ. ಕುರ್ಚಿಯನ್ನು ಸ್ವಲ್ಪ ಓರೆಗೆ ತಿರುಗಿಸಬೇಕು ಎಂದು ಕೇಳಿ ಅವನ ಮುಖ ಇಳಿದುಹೋಯಿತು.

"ಅಕ್ಕಾ, ಆ ವೆಲ್ಡಿಂಗ್ ಜನ್ಮಕ್ಕೂ ಬಿಡಲ್ಲ ಅಂತ ಹಾಕಿದ್ದೀನಿ."

"ಗೊತ್ತು ಕಣೋ. ಬಿಡಿಸು."

"ಮೊದಲ ಸಲ ಒಂದು ಕೆಲಸ ಗಟ್ಟಿಯಾಗಿ ಮಾಡಿದ್ದ," ಅಂದರು ಇವರು. "ಅದನ್ನೂ ಕೀಳಿಸ್ತಿದ್ದೀಯ, ಪಾಪ."

ಶೆಡ್ಡಿನಿಂದ ಕರೆಂಟ್ ಬೇಕಿತ್ತು. "ಮೇಸ್ತ್ರಿಗಳೇ, ಸ್ವಲ್ಪ ಹೊತ್ತು ಕೊಡಿ," ಎಂದು ಕೇಳಿದೆ. ಕೊಟ್ಟ, ಗೊಣಗಿಕೊಂಡೇ ಕೊಟ್ಟ. ತಮ್ಮ ಕಿಡಿ ಹಾರಿಸುತ್ತಾ ಪಟ್ಟಿ ಕೊಯ್ದ. ತಲೆಮೆತ್ತೆಯನ್ನು ಕಿತ್ತು ಇವರ ಕೈಗೆ ಕೊಟ್ಟ. ಇವರು ಅದನ್ನು ಕಂಕುಳಲ್ಲಿ ಅವುಚಿಕೊಂಡು ನಿಂತರು. ಬೆನ್ನಿನ ಹಲಗೆಯನ್ನು ಅವಳ ಹೆಗಲ ಕೆಳಗಿನವರೆಗೆ ಕೊಯ್ದ. ಅಲ್ಲಿ ಹೊರಬಂದ ಫೋಮನ್ನು ನಾನು ಸೆರಗಿನ ಪಿನ್ನು ಹಾಕಿ ಸದ್ಯಕ್ಕೆ ಬಿಗಿದೆ.

ಇನ್ನು ಎಷ್ಟು ತಿರುಗಿಸುವುದು? ಗುಬ್ಬಿಯನ್ನು ಕೂರಿಸಿ, ನಾನು ಮಷಿನ್ ಹಿಂದೆ ಹೋಗಿ ಊಟದ ಡಬ್ಬಿ ಎತ್ತಿ ಹಿಡಿದು ನಿಂತೆ. ತಮ್ಮ ಸೀಟನ್ನು ಬಲಕ್ಕೆ ಒಂದಿಷ್ಟು ತಳ್ಳಿದ.

"ಕಾಣುತ್ತಾ?" ಅಂದೆ.

"ಇಲ್ಲ."

"ಈಗ?"

"ಡಬ್ಬಿ ಕಾಣುತ್ತೆ. ಆದ್ರೆ ಎಡಗಡೆ ಲಿವರು ದೂರ ಹೋಯ್ತು, ಮಾವ. ಸ್ವಲ್ಪ ವಾಪಸ್."

"ಈಗ?"

"ಈಗ ಡಬ್ಬೀನೂ ಕಾಣುತ್ತೆ, ಕೈಯೂ ಎಟುಕುತ್ತೆ, ಅಮ್ಮನ ಮುಖವೂ ಕಾಣುತ್ತೆ. ಅಮ್ಮಾ, ಅಷ್ಟು ಗಾಬರಿ ಮುಖ ಮಾಡ್ಬೇಡ."

ತಮ್ಮ ಅಲ್ಲಿಗೇ ತೂತು ಕೊರೆದು ಬೋಲ್ಟು ಬಿಗಿದ. ಈ ಸಲ ವೆಲ್ಡಿಂಗ್ ಮಾಡಲಿಲ್ಲ, ದೊಡ್ಡ ಮಾತೂ ಆಡಲಿಲ್ಲ.

ಮೇಸ್ತ್ರಿ ಬಂದು ಸುತ್ತು ಹಾಕಿ ನೋಡಿದ. "ಏನ್ರೀ ಇದು? ಸೀಟು ಸೊಟ್ಟ ಕೂರಿಸಿದ್ದೀರಿ."

"ಸೊಟ್ಟ ಅಲ್ಲ ಮೇಸ್ತ್ರಿಗಳೇ," ಅಂದರು ಇವರು. "ಮದುವೆಗೆ ಹೋಗೋನು ಬಂದಾಗ ಬೆಳಕು ನೋಡಿ ಕುರ್ಚಿ ಸ್ವಲ್ಪ ಓರೆ ತಿರುಗಿಸಿಕೊಳ್ತೀನಿ. ಹಾಗೇ ಇದು."

"ಇವಳನ್ನ ಮದುವೆಗೆ ಕಳಿಸ್ತಿಲ್ಲ ನಾನು, ಮೂಲೆಗೆ ಕಳಿಸ್ತಿದ್ದೀನಿ," ಎಂದು ಅವನು ಗಡಿಯಾರ ನೋಡಿಕೊಂಡ.

ಗುಬ್ಬಿ ಹೊರಟಳು. ಬ್ಲೇಡು ಇಳಿಯಿತು, ಮಣ್ಣು ಸುರುಳಿಯಾಗಿ ಮುಂದೆ ಉರುಳಿತು. ಮೂಲೆಯವರೆಗೆ ಹೋಗಿ, ಗೇರು ಬದಲಿಸಿ, ಹಿಂದಕ್ಕೆ ಬಂದಳು. ಈ ಸಲ ಸೀಟು ಬಿಟ್ಟು ಏಳಲಿಲ್ಲ. ಗದ್ದವನ್ನು ಸುಮ್ಮನೆ ಹೆಗಲ ಕಡೆಗೆ ತಂದಳು, ಅಷ್ಟೇ. ಗೂಟದ ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟು ನಿಂತಳು. ಮತ್ತೆ ಮುಂದೆ ಹೋದಳು. ಬಿಸಿಲು ಇಳಿಯುತ್ತಿದ್ದ ಹಾಗೆ ಮೂಲೆ ಚಾಪೆ ಹಾಸಿದ ಹಾಗೆ ಸಮತಟ್ಟಾಗುತ್ತಾ ಬಂತು. ತಮ್ಮನೂ ಇವರೂ ಪಕ್ಕಪಕ್ಕ ನಿಂತಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ. ನನ್ನ ಆಯಸ್ಸಿನಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಮೇಸ್ತ್ರಿ ದಾರ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ದಾರ ಎಳೆದ, ಒಂದು ಕಣ್ಣು ಮುಚ್ಚಿ ನೋಡಿದ, ಜಾಗ ಬದಲಿಸಿ ಮತ್ತೆ ಎಳೆದ. ಎದ್ದು ಮಂಡಿಯ ಧೂಳು ಕೊಡವಿಕೊಂಡ.

"ಅಮ್ಮಾವ್ರೇ, ನಾಳೆ ಗೇಟಿನ ಕಡೆಯಿಂದ ಶುರು ಮಾಡಲಿ. ಬೇಗ ಬರೋಕೆ ಹೇಳಿ."

"ನಾಳೆ ಒಂದು ದಿನಾನಾ, ಪೂರ್ತೀನಾ?"

"ಪೂರ್ತಿ. ದೊಡ್ಡ ಮಷಿನ್ ಬಂದ್ರೆ ಈ ಮೂಲೇಲಿ ತಿರುಗೋಕೂ ಆಗಲ್ಲ ಬಿಡಿ."

ನಾನು ಓಡಿದೆ. ಗುಬ್ಬಿ ಹಿಂದಕ್ಕೆ ಬರುತ್ತಿದ್ದಳು. ನಾನು ಎರಡೂ ಕೈ ಎತ್ತಿ ಬೀಸಿದೆ, ಕೂಗಿದೆ, ನಿಂತಲ್ಲೇ ಕುಣಿದೆ. ಅವಳು ಕಂಡವಳೇ ಹೌಹಾರಿ ಇಂಜಿನ್ ನಿಲ್ಲಿಸಿಬಿಟ್ಟಳು.

"ಏನಾಯ್ತಮ್ಮಾ? ಯಾರಿಗಾದ್ರೂ ತಾಗಿಸಿದ್ನಾ?"

"ಕೆಲಸ ಸಿಕ್ತು ಕಣೇ! ಮೈದಾನ ಪೂರ್ತಿ ನಿಂದೇ!"

ಅವಳು ನನ್ನನ್ನೇ ನೋಡಿದಳು. ಮಸಿ ಹತ್ತಿದ ಕೈಯಲ್ಲೇ ಮೂಗು ಒರೆಸಿಕೊಂಡಳು, ಮೂಗೆಲ್ಲ ಕಪ್ಪಾಯಿತು.

"ಅದಕ್ಕೆ ಹಾಗೆ ಕುಣಿಯೋದಾ ಮಷಿನ್ ಹಿಂದೆ ನಿಂತು? ಜೀವ ಹೋದ ಹಾಗಾಯ್ತು. ಸರಿ ಅಮ್ಮ, ಆ ಕಡೆ ಹೋಗು. ಇನ್ನೊಂದು ಸಾಲು ಬಾಕಿ ಇದೆ, ಮುಗಿಸಿ ಊಟ ಮಾಡ್ತೀನಿ."

ನಾನು ಪಕ್ಕಕ್ಕೆ ಸರಿದೆ. ಇಂಜಿನ್ ಮತ್ತೆ ಗುಡುಗಿತು.