ಎಡಗಡೆಯ ಕನ್ನಡಿ

ಭರಮಸಾಗರದ ಹತ್ತಿರದ ಹಟ್ಟಿಯ ಪಾಪಣ್ಣನ ಟೆಂಪೋಗೆ ಎಡಗಡೆಯ ಕನ್ನಡಿ ಇರಲಿಲ್ಲ. ಮೊದಲು ಇತ್ತು. ಕುರಿ ದೊಡ್ಡಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ನಿಂತಿದ್ದ ಟಗರು ಅದರಲ್ಲಿ ತನ್ನ ಮುಖವನ್ನೇ ಕಂಡು, ಯಾವನೋ ಕಾಳಗಕ್ಕೆ ಬಂದಿದ್ದಾನೆ ಅಂತ ಗುದ್ದಿ ಪುಡಿ ಮಾಡಿತ್ತು. ಹೊಸದು ಹಾಕಿಸಿದರೆ ಅದಕ್ಕೂ ಅದೇ ಗತಿ. ಮೂರನೆಯದರ ಗೋಜಿಗೆ ಪಾಪಣ್ಣ ಹೋಗಲಿಲ್ಲ.

ಅದರ ಅಗತ್ಯವೂ ಇರಲಿಲ್ಲ, ಎಡಗಡೆ ಹೆಂಡತಿ ಏಕನಾಥಮ್ಮ ಕೂರುತ್ತಿದ್ದಳಲ್ಲ! ಹೊಳಲ್ಕೆರೆ ಸಂತೆಯಿರಲಿ, ಹಿರಿಯೂರು ಸಂತೆಯಿರಲಿ, ಕುರಿ ತುಂಬಿಕೊಂಡು ಹೊರಟರೆ ಇಪ್ಪತ್ತಾರು ವರ್ಷದಿಂದ ಆ ಸೀಟು ಅವಳದೇ. ಗಾಡಿ ಹಿಂದಕ್ಕೆ ಹೋಗಬೇಕಾದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬರ್ಲಿ, ಬರ್ಲಿ, ಇನ್ನೊಂಚೂರು ಬರ್ಲಿ, ಹೋಲ್ಡಾನ್!" ಅನ್ನುವಳು. ಆ 'ಹೋಲ್ಡಾನ್'ಗೆ ಪಾಪಣ್ಣನ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು.

ಇಂಥ ಸುಖದ ಸಂಸಾರಕ್ಕೆ ಕಲ್ಲು ಹಾಕಿದ್ದು ಒಂದು ಅಂಗಿ. ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಗಂಡನ ಲೈಸೆನ್ಸ್ ಸಿಕ್ಕಿತು. ಏಕನಾಥಮ್ಮ ಓದಿದ್ದು ನಾಲ್ಕನೇ ತರಗತಿಯಾದರೂ ತಾರೀಕಿನ ವಿಷಯದಲ್ಲಿ ಹದ್ದಿನ ಕಣ್ಣು. ನೂರಿಪ್ಪತ್ತು ಕುರಿಗೆ ಯಾವಾಗ ಲಸಿಕೆ, ಯಾವಾಗ ಜಂತಿನ ಔಷಧಿ, ಎಲ್ಲ ಬಾಯಲ್ಲೇ ಇತ್ತು.

"ಏನ್ರಿ, ಇದ್ರ ವಾಯಿದೆ ಮುಗ್ದು ವರ್ಷದ ಮ್ಯಾಲೆ ನಾಕು ತಿಂಗ್ಳಾಗೈತೆ!"

"ಆಗ್ಲಿ ಬಿಡು. ಈ ದಾರೀಲಿ ನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಕುರೀಗೆ ಲಸಿಕೆ ಒಂದಿನ ತಪ್ಪಿದ್ರೆ ಕುಣಿದಾಡ್ತೀರಿ. ನಿಮ್ಗೊಂದು ನ್ಯಾಯ, ಕುರೀಗೊಂದು ನ್ಯಾಯನಾ? ಇದು ಹೊಸದಾಗೋ ತನಕ ನಾನು ಗಾಡಿ ಹತ್ತಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಗಾಡಿಯ ಕೀ ತೆಗೆದು ತನ್ನ ತಮ್ಮ ತಿಮ್ಮೇಶನ ಕೈಗೆ ಕೊಟ್ಟಳು. ಮುಂದಿನ ಸಂತೆಗೆ ತಿಮ್ಮೇಶ ಗಾಡಿ ಓಡಿಸಿದ, ಪಾಪಣ್ಣ ಹೆಂಡತಿಯ ಸೀಟಿನಲ್ಲಿ ಕೂತ. ಮೈದುನ ಒಳ್ಳೆಯವನೇ, ಆದರೆ ದಾರಿಯುದ್ದಕ್ಕೂ ಮಾತಾಡಿದ್ದು ಫೋನಿನ ಜೊತೆ. ಬರುವಾಗ ಎಂದಿನ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಿಂದರೂ ಬಾಯಿಗೆ ರುಚಿ ಹತ್ತಲಿಲ್ಲ. ಹೆಂಡತಿ ಜೊತೆಗಿಲ್ಲದ ಸಂತೆ ಪಾಪಣ್ಣನಿಗೆ ಬೇಡವೇ ಬೇಡವೆನಿಸಿತು. ಅವತ್ತೇ ಮಗಳು ಚೈತ್ರಾಗೆ ಫೋನ್ ಮಾಡಿ ಅರ್ಜಿ ಹಾಕಿಸಿದ.

ವಾಯಿದೆ ಮುಗಿದು ವರ್ಷ ದಾಟಿದ್ದರಿಂದ ಮತ್ತೆ ಗಾಡಿ ಓಡಿಸಿ ತೋರಿಸಬೇಕಂತೆ. "ನಂಗೇ ಪರೀಕ್ಷೆನಾ?" ಎಂದು ಪಾಪಣ್ಣ ಮೀಸೆ ತಿರುವಿದ. ಎಡಗಡೆಗೆ ಹೊಸ ಕನ್ನಡಿ ಹಾಕಿಸಿ, ತಿಮ್ಮೇಶನ ಕೈಲಿ ಗಾಡಿ ಹೊಡೆಸಿಕೊಂಡು ದುರ್ಗದ ಆರ್‌ಟಿಓ ಕಚೇರಿಗೆ ಹೋದ. ಏಕನಾಥಮ್ಮ ಮಾತಿಗೆ ತಪ್ಪದೆ ಬಸ್ಸಿನಲ್ಲಿ ಬಂದಳು.

ಮೈದಾನದಲ್ಲಿ ಎಂಟು ಹಾಕುವುದು ಪಾಪಣ್ಣನಿಗೆ ಸುಲಿದ ಬಾಳೆಹಣ್ಣು. ಆಮೇಲೆ ಇನ್‌ಸ್ಪೆಕ್ಟರ್ ಗಂಗಾಧರಪ್ಪ, "ರಿವರ್ಸ್ ತಗೊಳ್ರಿ ಯಜಮಾನ್ರೇ" ಎಂದರು. ಪಾಪಣ್ಣ ಗೇರ್ ಹಾಕಿದ. ಕಣ್ಣು ಕನ್ನಡಿಯ ಕಡೆ ಹೋಗಲಿಲ್ಲ, ಕಿವಿ ಎಡಗಡೆಗೆ ಹೋಯಿತು. ಅಲ್ಲಿ ಸದ್ದಿಲ್ಲ. ಗಾಡಿ ಹಿಂದೆ ಹಿಂದೆ ಸರಿಯಿತು. ಬೇಲಿಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದ ಏಕನಾಥಮ್ಮನಿಗೆ, ಗಾಡಿ ಇನ್ನೇನು ಹಿಂದಿನ ಕಂಬಕ್ಕೆ ತಾಗುವುದು ಕಾಣುತ್ತಿತ್ತು. ಎಷ್ಟು ಹೊತ್ತು ತಡೆದುಕೊಂಡಾಳು?

"ಹೋಲ್ಡಾನ್!"

ಗಾಡಿ ಗಕ್ಕನೆ ನಿಂತಿತು. ಕಂಬಕ್ಕೂ ಗಾಡಿಗೂ ನಡುವೆ ನಾಲ್ಕು ಬೆರಳು.

"ಯಜಮಾನ್ರೇ, ಗಾಡಿ ಓಡಿಸ್ತಿರೋದು ನೀವಾ, ಆಯಮ್ಮನಾ?" ಎಂದರು ಗಂಗಾಧರಪ್ಪ. ಸಾಲಿನಲ್ಲಿದ್ದ ಕಾಲೇಜು ಹುಡುಗಿಯರು ಬಿದ್ದು ಬಿದ್ದು ನಕ್ಕರು. "ಒಂದು ವಾರ ಬಿಟ್ಟು ಬರ್ರಿ. ಕನ್ನಡಿ ನೋಡೋದು ಕಲ್ತು ಬರ್ರಿ."

"ಆ ಕಂಬನೇ ಸೊಟ್ಟ ನೆಟ್ಟವ್ರೆ" ಎಂದು ಪಾಪಣ್ಣ ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಏಕನಾಥಮ್ಮ ಮಾತ್ರ, "ಕಂಬ ನೆಟ್ಟಗೈತೆ, ತಪ್ಪು ನನ್ನ ಬಾಯಿದು" ಎಂದಳು.

ಮೆಕ್ಕೆಜೋಳ ಮುರಿದು ಖಾಲಿಯಾಗಿದ್ದ ತಮ್ಮದೇ ಹೊಲದಲ್ಲಿ ಮಾರನೆಯ ದಿನದಿಂದ ಪಾಠ ಶುರುವಾಯಿತು. ಏಕನಾಥಮ್ಮನೇ ಕೋಲು ನೆಟ್ಟಳು. ಆಮೇಲೆ ಬದುವಿನ ಮೇಲೆ ಕೂತು, ಬಾಯಿ ಜಾರದಿರಲೆಂದು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಳು. ಮೊದಲ ದಿನ ಮೂರು ಕೋಲು ಮುರಿದವು. ಎರಡನೆಯ ದಿನ ಎರಡು. ಮುರಿದಾಗಲೆಲ್ಲ ಸೆರಗಿನ ಹಿಂದಿನಿಂದ ಒಂದು ಸಣ್ಣ ನರಳಾಟ ಬರುತ್ತಿತ್ತು. ಐದನೆಯ ದಿನ ಪಾಪಣ್ಣ ಕನ್ನಡಿಯನ್ನೇ ನೋಡುತ್ತ, ಒಂದು ಕೋಲೂ ಅಲುಗದಂತೆ ಗಾಡಿ ಹಿಂದಕ್ಕೆ ತಂದು ನಿಲ್ಲಿಸಿದ.

"ಹೆಂಗೆ?" ಎಂದು ಕೂಗಿದ.

"ಚೆನ್ನಾಗೈತೆ" ಎಂದು ನಕ್ಕಳು ಏಕನಾಥಮ್ಮ. ಆಮೇಲೆ ಸೆರಗು ಕೊಡವಿಕೊಂಡು, ಮರಿಗಳಿಗೆ ನೀರಿಡಬೇಕೆಂದು ಮನೆ ಕಡೆ ಹೋದಳು. ಅಷ್ಟು ಅವಸರದ ಕೆಲಸವೇನೂ ಇರಲಿಲ್ಲ.

ಎರಡನೇ ಸಲ ಪಾಪಣ್ಣ ಪಾಸಾದ. ಹತ್ತು ದಿನಕ್ಕೆ ಅಂಚೆಯಲ್ಲಿ ಹೊಸ ಕಾರ್ಡ್ ಬಂತು. ಏಕನಾಥಮ್ಮ ತಾರೀಕನ್ನು ಎರಡು ಸಲ ಓದಿ ದೇವರ ಗೂಡಿನಲ್ಲಿಟ್ಟಳು.

ಮರುದಿನ ಹೊಸದುರ್ಗದ ಸಂತೆ. ಬೆಳಗ್ಗೆಯೇ ತಲೆಗೆ ಹೂ ಮುಡಿದು ಬಂದು ತನ್ನ ಸೀಟಿನಲ್ಲಿ ಕೂತಳು. ಪಾಪಣ್ಣನಿಗೆ ಲೋಕವೇ ಸರಿಹೋದಂತಾಯಿತು. ದೊಡ್ಡಿಯ ಮುಂದಿನಿಂದ ರಸ್ತೆಯವರೆಗೆ ಗಾಡಿ ಹಿಂದಕ್ಕೇ ಹೋಗಬೇಕು. ಗೇರ್ ಹಾಕಿ ಕಾದ. ಏಕನಾಥಮ್ಮ ಕೈ ಮಡಿಲಲ್ಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದಳು.

"ಯಾಕಲೇ, ಸುಮ್ನೆ ಕುಂತೀಯ?"

"ಕನ್ನಡಿ ಐತಲ್ಲ. ಇನ್ನು ನನ್ನ ಬಾಯಿಗೇನು ಕೆಲ್ಸ?" ನಗುತ್ತಲೇ ಅಂದಳು, ಆದರೆ ದನಿ ಸಣ್ಣಗಾಗಿತ್ತು.

ಪಾಪಣ್ಣ ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಗಾಡಿ ಸುತ್ತಿ ಎಡಗಡೆಗೆ ಬಂದು ಹೊಸ ಕನ್ನಡಿಯನ್ನು ಒಳಕ್ಕೆ ಮಡಚಿದ.

"ರಸ್ತೆಗೆ ಹೋದ್ಮ್ಯಾಲೆ ತೆಗೆಯಾಣ. ಇಲ್ಲಿ ಟಗರು ಐತೆ, ಗುದ್ದಿಬಿಟ್ರೆ ಕಷ್ಟ" ಎಂದು ವಾಪಸ್ಸು ಬಂದು ಕೂತ. "ನಂಗೇನೂ ಕಾಣ್ಸವಲ್ದು. ನೀನೇ ಹೇಳು."

ಏಕನಾಥಮ್ಮ ಕಲ್ಲುಕಟ್ಟೆಯ ಕಡೆ ನೋಡಿದಳು. ಟಗರನ್ನು ತಿಮ್ಮೇಶ ಬೆಳಗಿನ ಜಾವವೇ ಮಂದೆಯ ಜೊತೆ ಹೊಡೆದುಕೊಂಡು ಹೋಗಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಬರ್ಲಿ," ಎಂದಳು. "ಬರ್ಲಿ, ಬರ್ಲಿ..."