ಯಾವ ಕಿವಿ?

"ಕೈ ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಮ್ಮ," ಎಂದರು ಬಸವರಾಜೇಶ್ವರಿ ಮೇಡಂ. ಹೊನ್ನಿ ಪಡಸಾಲೆಯ ಗೋಡೆಗೆ ಒತ್ತಿ ನಿಂತು ತೊಲೆಯ ಕಡೆಗೆ ಕೈ ಚಾಚಿದಳು. ಮೇಡಂ ತಲೆ ಓರೆ ಮಾಡಿ ನೋಡಿ ಹೂಂಗುಟ್ಟಿದರು. ಒಳಬಾಗಿಲಲ್ಲಿ ನಿಂತಿದ್ದ ತಾಯಿ ಪಾಪಮ್ಮನಿಗೆ ಇದು ಸರಿಕಾಣಲಿಲ್ಲ. ಮಗಳ ಹೈಸ್ಕೂಲಿನ ಮೇಷ್ಟ್ರಮ್ಮ ಮನೆತನಕ ಬಂದು ಹೆಣ್ಣಿನ ಎತ್ತರ ಯಾಕೆ ನೋಡಬೇಕು?

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಮೇಡಂ ಹುಡುಗಿಯನ್ನು ಕೂರಿಸಿ ಪಾಠದ ಪುಸ್ತಕದಿಂದ ಗಟ್ಟಿಯಾಗಿ ಓದಿಸಿದರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಧ್ವನಿ ಚೆನ್ನಾಗಿದೆ ಎಂದರು. ವಯಸ್ಸು ಕೇಳಿದರು. ಕೊನೆಗೆ ಕಾಫಿ ಲೋಟ ಕೆಳಗಿಟ್ಟು, ಎಲ್ಲಾದರೂ ಗಂಡು ಗೊತ್ತು ಮಾಡಿದ್ದೀರಾ ಎಂದು ಮೆಲ್ಲಗೆ ವಿಚಾರಿಸಿದರು. ಪಾಪಮ್ಮನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಇದು ಹೆಣ್ಣು ನೋಡುವ ಶಾಸ್ತ್ರವೇ. ತಾಂಬೂಲದ ತಟ್ಟೆಯೊಂದು ಇರಲಿಲ್ಲ, ಅಷ್ಟೇ.

ಎಸ್ಸೆಸ್ಸೆಲ್ಸಿ ಮುಗಿಸುವ ಹುಡುಗಿಯರಿಗೆ ಕೆಲಸದ ದಾರಿ ತೋರಿಸಲು ಮೇಡಂ ಮನೆಮನೆಗೆ ಬರುತ್ತಾರೆ, ತನ್ನನ್ನು ಟೆಲಿಫೋನ್ ಕಚೇರಿಗೆ ಸೇರಿಸಬೇಕೆಂದಿದ್ದಾರೆ ಎಂದು ಹೊನ್ನಿ ಮೊದಲೇ ಬಡಕೊಂಡಿದ್ದಳು. ಪಾಪಮ್ಮ ನಂಬುವವಳೇ? ಗಂಡುಮಕ್ಕಳೇ ಕೆಲಸವಿಲ್ಲದೆ ಅರಳಿಕಟ್ಟೆಯ ಮೇಲೆ ಕೂತಿರುವಾಗ ಹೆಣ್ಣಿನ ಮನೆಗೆ ಬಂದು ಕರೆದು ಕೊಡುತ್ತಾರಂತೆ ಕೆಲಸ! ಕೇತಮಾರನಹಳ್ಳಿಯ ರಾಗಿ ಹೊಲಗಳು ರಾಜಾಜಿನಗರದ ಸೈಟುಗಳಾದ ಮೇಲಂತೂ ನಯವಾಗಿ ಮಾತಾಡುವ ಯಾರನ್ನೂ ಅವಳು ನಂಬುತ್ತಿರಲಿಲ್ಲ. ಮೇಡಮ್ಮನಿಗೆ ಹೆಂಡತಿ ಸತ್ತ ತಮ್ಮನೊಬ್ಬ ಇದ್ದಾನೆಂಬುದನ್ನು ಅವಳು ಆಗಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ಜಾತಿ ಬೇರೆಯಾದರೇನು, ಪೇಟೆಯವರು ಹಿಂದೆಮುಂದೆ ನೋಡುವವರಲ್ಲ.

ಹೊನ್ನಿ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ತನ್ನ ತಮ್ಮ ಕೃಷ್ಣಪ್ಪನಿಗೆ ಕೊಡುವುದೆಂದು ಪಾಪಮ್ಮ ತವರಿಗೆ ಮಾತು ಕೊಟ್ಟಿದ್ದಳು. ಅದನ್ನೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸೋದರಮಾವ ಎಂದರೆ ಮೂಗು ಮುರಿದು ಹುಡುಗಿಯ ತಲೆ ಕೆಡಿಸುವ ಪೈಕಿ ಈಯಮ್ಮ ಎಂದು ಅವಳಿಗೆ ಗುಮಾನಿ. ಬಂದವರು ತಾವಾಗಿಯೇ ಎದ್ದು ಹೋಗಬೇಕಾದರೆ ಹೆಣ್ಣಿನಲ್ಲಿ ಒಂದು ಐಬು ಹೇಳಿಬಿಡಬೇಕು.

"ಮೊಗಾ ಏನೋ ಚೆನ್ನಾಗವ್ಳೆ," ಎಂದಳು ಪಾಪಮ್ಮ. "ಆದ್ರೆ ನಿಮ್ಮತ್ರ ಮುಚ್ಚುಮರೆ ಯಾಕೆ ಕಣ್ರವ್ವ, ಅವ್ಳಿಗೆ ಒಂದು ಕಿವಿ ಕೇಳ್ಸಲ್ಲ."

ಲೋಟ ಎತ್ತಿಕೊಳ್ಳಲು ಬಗ್ಗಿದ್ದ ಹೊನ್ನಿ ಬಗ್ಗಿದ ಹಾಗೆಯೇ ಉಳಿದಳು. ಬಂದವರೆದುರು ಹೆತ್ತವಳ ಮಾತು ಸುಳ್ಳೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೇಡಮ್ಮನ ಮುಖ ಸಪ್ಪಗಾಯಿತು. ಮೊದಲೇ ಹೇಳಬಾರದಿತ್ತೇ ಎಂದಷ್ಟೇ ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಒಳ್ಳೆಯ ಉಪಾಯ ಮಾಡಿದೆನೆಂದು ಪಾಪಮ್ಮ ಅಂದು ಹೊಟ್ಟೆ ತುಂಬ ಉಂಡಳು. ಮಗಳು ಮಾರನೆಯ ದಿನ ಸ್ಕೂಲಿನಲ್ಲಿ ತನ್ನ ಕಿವಿ ಸರಿಯಾಗಿದೆ ಎಂದು ಅಂಗಲಾಚಿದಳಂತೆ. ಕೆಲಸದ ಆಸೆಗೆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಂದುಕೊಂಡು ಮೇಡಂ ಅವಳ ಮಾತು ನಂಬಲಿಲ್ಲ.

ಪಾಪಮ್ಮ ರಾಜಾಜಿನಗರದ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅನಂತಲಕ್ಷ್ಮಮ್ಮನವರು ಪಾತ್ರೆ ಹಿಡಿದು ಬಂದು, ತಮ್ಮ ಮಗಳು ಸೀತಾ ಟೆಲಿಫೋನ್ ಕಚೇರಿ ನೋಡಿಬಂದ ಕತೆ ಶುರುಮಾಡಿದರು. ಬಸವರಾಜೇಶ್ವರಿ ಮೇಡಮ್ಮನೇ ಕರೆದುಕೊಂಡು ಹೋಗಿದ್ದರಂತೆ. ಫೋನಿನ ತಂತಿಗಳನ್ನು ಜೋಡಿಸುವ ಎತ್ತರದ ಬೋರ್ಡಿಗೆ ಕೈ ಎಟುಕಬೇಕಂತೆ, ಧ್ವನಿ ಸ್ಪಷ್ಟವಾಗಿರಬೇಕಂತೆ, ಮದುವೆಯಾಗಿ ನಡುವೆ ಬಿಟ್ಟುಹೋಗುವವರು ಬೇಡವಂತೆ.

"ಎಲ್ಲಕ್ಕಿಂತ ಕಿವಿ ಮುಖ್ಯವಂತೆ ಕಣೇ. ಪಾಪ, ನಿನ್ನ ಮಗಳಿಗೆ ಅದೇ ಇಲ್ಲವಂತಲ್ಲ. ಯಾರಾದ್ರೂ ಡಾಕ್ಟರಿಗೆ ತೋರಿಸಬಾರದಾ?"

ಪಾಪಮ್ಮನಿಗೆ ಹಾಲಿನ ಅಳತೆ ತಪ್ಪಿತು. ಕೆಲಸ ಹೋದದ್ದು ಆಮೇಲಿನ ಮಾತು. ಈ ಸುದ್ದಿ ಇಲ್ಲಿತನಕ ಬಂದಿದೆಯೆಂದರೆ ತವರಿಗೆ ಮುಟ್ಟಲು ಎಷ್ಟು ಹೊತ್ತು? ಕಿವುಡಿಯನ್ನು ಕೃಷ್ಣಪ್ಪ ಕಟ್ಟಿಕೊಳ್ಳುತ್ತಾನೆಯೇ? ದಾರಿಯುದ್ದಕ್ಕೂ ತನ್ನ ನಾಲಿಗೆಗೆ ತಾನೇ ಶಾಪ ಹಾಕಿಕೊಂಡು ಮನೆಗೆ ಬಂದಳು. ಹೊನ್ನಿ ಕೊಟ್ಟಿಗೆ ಗುಡಿಸುತ್ತಿದ್ದಳು. ಮೇಡಂ ಬಂದುಹೋದ ದಿನದಿಂದ ಮಗಳು ತನ್ನೊಡನೆ ನೆಟ್ಟಗೆ ಮಾತಾಡಿಲ್ಲವೆಂಬುದು ಪಾಪಮ್ಮನಿಗೆ ಆಗ ನೆನಪಾಯಿತು. ಪೊರಕೆ ಕಿತ್ತಿಟ್ಟು, ಸೀರೆ ಬದಲಾಯಿಸು ನಡಿ ಎಂದು ಅವಳನ್ನು ಮೇಡಮ್ಮನ ಮನೆಗೆ ಹೊರಡಿಸಿದಳು.

ಮೇಡಂ ಅವರನ್ನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ನಿಂತೇ ಎಲ್ಲವನ್ನೂ ಕೇಳಿದರು.

"ಅವತ್ತು ಕೇಳ್ಸಲ್ಲ ಅಂದ್ರಿ, ಇವತ್ತು ಕೇಳ್ಸತ್ತೆ ಅಂತೀರಿ. ನಾನು ಯಾವುದನ್ನ ನಂಬಲಿ? ನಾಳೆ ಇವಳು ಅಲ್ಲಿ ತಪ್ಪಿದ್ರೆ, ನಾನು ಕಳಿಸೋ ಬೇರೆ ಹುಡುಗೀರನ್ನೂ ಅವರು ನಂಬಲ್ಲ. ಅದಿರಲಿ, ಯಾವ ಕಿವಿ?"

ಪಾಪಮ್ಮ ಎಡಗಡೆಯದು ಎನ್ನುತ್ತಾ ಬಲಗಿವಿ ಮುಟ್ಟಿ ತೋರಿಸಿದಳು. ಮೇಡಂ ನಗಲಿಲ್ಲ. ಬೇರೆ ದಾರಿ ಕಾಣದೆ ಪಾಪಮ್ಮ ತಮ್ಮನಿಗೆ ಕೊಟ್ಟ ಮಾತು, ಹೆಣ್ಣು ನೋಡಲು ಬಂದಿರೆಂದುಕೊಂಡದ್ದು, ಐಬು ಹೇಳಿದ್ದು, ಎಲ್ಲವನ್ನೂ ಬಾಯಿಬಿಟ್ಟಳು. ಮದುವೆಯ ಮಾತು ಕೇಳಿದಾಗ ಮೇಡಂ ಒಮ್ಮೆ ಹೊನ್ನಿಯ ಮುಖ ನೋಡಿದರು. ಆಮೇಲೆ ಇಬ್ಬರನ್ನೂ ಗೇಟಿನ ಹತ್ತಿರಕ್ಕೆ ಕಳಿಸಿದರು. ಹೊನ್ನಿ ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಒಂದು ಕಿವಿ ಮುಚ್ಚಿಕೊಂಡು, ತಾವು ಮೆಲ್ಲಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು ಎಂದರು.

ಪಾಪಮ್ಮ ಮಗಳ ಪಕ್ಕದಲ್ಲೇ ನಿಂತಳು. ಜಗಲಿಯ ಮೇಲೆ ಮೇಡಮ್ಮನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವಳ ಕಿವಿಗೆ ಮಾತ್ರ ಒಂದಕ್ಷರವೂ ಬೀಳಲಿಲ್ಲ. ಮಗಳು ಸೋತಳೆಂದೇ ತಿಳಿದು ಸೆರಗು ಹಿಂಡಿದಳು.

"ಹೊನ್ನಮ್ಮ," ಎಂದಳು ಹೊನ್ನಿ. ಸ್ವಲ್ಪ ತಡೆದು, "ಕೇತಮಾರನಹಳ್ಳಿ." ಇನ್ನೊಂದು ಕಿವಿ ಮುಚ್ಚಿಕೊಂಡು, "ನಾಕು ಹಸು, ಎರಡು ಎಮ್ಮೆ." ಪಾಪಮ್ಮನಿಗೆ ಹೋದ ಜೀವ ಬಂದಂತಾಯಿತು. ನೋಡಿದಿರಾ ನನ್ನ ಮಗಳನ್ನು ಎಂಬ ಹಾಗೆ ಜಗಲಿಯ ಕಡೆ ನೋಡಿದಳು.

ಮೇಡಂ ಮತ್ತೇನೋ ಕೇಳಿದರು. ಈ ಸಲ ಹೊನ್ನಿ ಬೇಗ ಉತ್ತರ ಹೇಳಲಿಲ್ಲ. ಪಾಪಮ್ಮ ಅವಳ ಮೊಣಕೈ ತಿವಿದಳು.

"ಇಲ್ಲ ಮೇಡಂ," ಎಂದಳು ಹೊನ್ನಿ, ಪಾಠ ಓದಿದಷ್ಟೇ ಸ್ಪಷ್ಟವಾಗಿ. "ಮದುವೆ ವಿಷಯ ನನ್ನನ್ನ ಯಾರೂ ಕೇಳಿಲ್ಲ."

ಏನು ಕೇಳಿದಿರಿ ಎಂದು ಪಾಪಮ್ಮ ಯಾರನ್ನೂ ವಿಚಾರಿಸಲಿಲ್ಲ. ತಿವಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೊನ್ನಿ ಕಿವಿ ಮುಚ್ಚಿದ್ದ ಬೆರಳು ತೆಗೆಯದೆ, ಗೋಡೆಗೆ ಮುಖ ಮಾಡಿ, ಮುಂದಿನ ಪ್ರಶ್ನೆಗೆ ಕಾಯುತ್ತಾ ನಿಂತಿದ್ದಳು.