ಮೂಸುವ ಕೆಲಸ

“ಮೂಗು ಒಳಗೆ ಹಾಕು ಬ್ಯಾರಿ. ಇನ್ನೂ ಒಳಗೆ. ನಾಯಿ ಮೂಸುವುದು ನೋಡಿಲ್ವಾ ನೀನು? ಹಾಗೆ ಮೂಸು.”

ಮೊಯ್ದೀನಬ್ಬ ಬಗ್ಗಿ ಮುದುಕಿ ದೇಯಿಯಕ್ಕನ ಚೀಲದ ಬಾಯಿಗೆ ಮೂಗಿಟ್ಟ. ಬೆಂಗ್ರೆಯ ಹೊಸ ಜೆಟ್ಟಿಯಲ್ಲಿ ಬೆಳಗಿನ ಬೋಟು ಕಾಯುತ್ತಿದ್ದ ಜನ ಸಾಲಿನಿಂದಲೇ ಕತ್ತು ಚಾಚಿ ನೋಡುತ್ತಿದ್ದರು. ಚೀಲದ ಮೇಲ್ಗಡೆ ಒಂದು ಕಟ್ಟು ಬಸಳೆ, ಅದರಡಿಯಲ್ಲಿ ಮಡಚಿಟ್ಟ ಹಳೆಯ ಸೀರೆ. ಅವನ ಮೂಗಿಗೆ ಬಸಳೆ ಬಂತು, ಪೆಟ್ಟಿಗೆಯಲ್ಲಿ ಮುಗ್ಗಿದ ಸೀರೆ ಬಂತು. ಬೇರೇನೂ ಬರಲಿಲ್ಲ.

“ಎಂತ ಇಲ್ಲ ಸಾರ್.”

ಸೂಪರ್‌ವೈಸರ್ ಮೋಹನದಾಸ ಬೂಟುಗಾಲಿನಿಂದ ಚೀಲವನ್ನು ಒದ್ದ. ಬಸಳೆ ಚೆಲ್ಲಿತು, ಸೀರೆ ಬಿಚ್ಚಿಕೊಂಡಿತು, ಸೀರೆಯೊಳಗಿಂದ ಬಂಗುಡೆಗಳು ನುಣ್ಣನೆಯ ಟೈಲ್ಸಿನ ಮೇಲೆ ಸಾಲಿನವರ ಕಾಲ ಬುಡದವರೆಗೂ ಜಾರಿಕೊಂಡು ಹೋದವು.

“ಹಾಗಾದ್ರೆ ಇದೆಂತ ಬೇವರ್ಸಿ? ನಿನ್ನ ಅಪ್ಪನಾ?”

ಸಾಲಿನಲ್ಲಿ ಯಾರೋ ನಕ್ಕರು. ದೇಯಿಯಕ್ಕ ಕುಕ್ಕರಗಾಲಿನಲ್ಲಿ ಕೂತು ಮೀನುಗಳನ್ನು ಒಂದೊಂದಾಗಿ ಸೀರೆಗೆ ಎತ್ತಿಕೊಂಡಳು. “ಇದಕ್ಕೆ ಬಂಗುಡೆ ಅಂತಾರೆ ಮಗಾ,” ಅಂದಳು ಮೋಹನದಾಸನಿಗೆ, ತಲೆ ಎತ್ತದೆ. “ನಿನ್ನೆ ಮಧ್ಯಾಹ್ನ ನೀನು ಮುಳ್ಳು ಸಮೇತ ಚೀಪಿದ್ದು ಇದನ್ನೇ. ನಿನ್ನ ಬೋಟಿಗೆ ಬೆಂಕಿ ಬೀಳ್ಲಿ.” ಸೊಂಟಕ್ಕೆ ಚೀಲ ಇರುಕಿಕೊಂಡು ಮರಳ ಕಡೆಗೆ ಇಳಿದು ಹೋದಳು.

ಮೊಯ್ದೀನಬ್ಬ ಸುಳ್ಳು ಹೇಳಿರಲಿಲ್ಲ. ಅವನಿಗೆ ಮೀನಿನ ವಾಸನೆ ಬರುವುದೇ ಇಲ್ಲ. ಮಳೆ ಹೊತ್ತು ತರುವ ಗಾಳಿಯ ವಾಸನೆ ಬರುತ್ತದೆ, ಡೀಸೆಲಿನದು ಬರುತ್ತದೆ, ಯಾರ ಮನೆಯಲ್ಲಿ ಅನ್ನ ಅಡಿ ಹಿಡಿಯಿತೆಂದು ಹಾದಿಯಲ್ಲೇ ನಿಂತು ಹೇಳಬಲ್ಲ. ಮೀನು ಮಾತ್ರ ಇಲ್ಲ. ಮಾಡಿನ ಮೇಲೆ ಮೀನು, ಅಂಗಳದಲ್ಲಿ ಮೀನು, ಅಪ್ಪನ ಲುಂಗಿಯಲ್ಲಿ, ತೊಟ್ಟಿಲಿಗೆ ಕಟ್ಟಿದ ಬಟ್ಟೆಯಲ್ಲಿ ಮೀನು. ಹೊಳೆ ಮತ್ತು ಕಡಲಿನ ನಡುವಿನ ಆ ಮರಳ ಪಟ್ಟಿಯಲ್ಲಿ ಹುಟ್ಟಿದವನಿಗೆ ಗಾಳಿ ಅಂದರೇ ಅದು. ಗಾಳಿಗೆ ವಾಸನೆ ಉಂಟೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಈ ಸಂಗತಿಯನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದ ದಿನ ಮೈಮೇಲಿನ ಕೆಲಸದ ನೀಲಿ ಅಂಗಿ ಕಳಚಿಡಬೇಕು.

ಆ ಅಂಗಿ ಬಂದ ಕತೆಯೂ ಹಾಗೆಯೇ. ಮೊದಲು ಬೆಂಗ್ರೆಯಿಂದ ಹೊಳೆಯಾಚೆಯ ಪೇಟೆಯ ಬಂದರಿಗೆ ಹಳೆಯ ದೋಣಿ ಓಡುತ್ತಿತ್ತು, ಓಡಿಸುತ್ತಿದ್ದವನು ಮೊಯ್ದೀನಬ್ಬ. ಮುಂದೆ ಮೀನಿನ ಬುಟ್ಟಿಗಳು, ಹಿಂದೆ ಜನ, ನಡುವೆ ಯಾರದೋ ಸೈಕಲ್ಲು, ಯಾರದೋ ಹೇಂಟೆ. ಆಮೇಲೆ ಎಸಿ ಬೋಟು ಬಂತು. ಕೂಳೂರಿನಲ್ಲಿ ಹೊರಟು ಬೆಂಗ್ರೆಯಲ್ಲಿ ಒಮ್ಮೆ ನಿಂತು ಬಂದರಿಗೆ ಹೋಗುವ ಗಾಜಿನ ಬೋಟು. ಸುರತ್ಕಲ್, ಕಾಟಿಪಳ್ಳದ ಕಡೆಯ ಆಫೀಸಿನವರು ಇನ್ನು ಸೇತುವೆಯ ಟ್ರಾಫಿಕ್ ಬ್ಲಾಕಿನಲ್ಲಿ ಬೆವರಬೇಕಾಗಿಲ್ಲ ಎಂದು ಉದ್ಘಾಟನೆಯ ದಿನ ವೇದಿಕೆಯಿಂದ ಹೇಳಿದರು. ಬೆಂಗ್ರೆಯವರ ಭಾಗ್ಯದ ಬಾಗಿಲು ತೆರೆಯಿತು ಎಂದೂ ಹೇಳಿದರು. ಚಪ್ಪಾಳೆ ಹೊಡೆದವರಲ್ಲಿ ಮೊಯ್ದೀನಬ್ಬನೂ ಇದ್ದ. ಹೆಚ್ಚು ದಿನ ಕಳೆಯಲಿಲ್ಲ, ಹಳೆಯ ದೋಣಿಯ ಪರವಾನಗಿ ಹೋಯಿತು. ಜೆಟ್ಟಿಯಲ್ಲಿ ಬೋರ್ಡು ಬಿತ್ತು: ಮೀನು, ಒಣಮೀನು ಹಾಗೂ ದುರ್ವಾಸನೆ ಬೀರುವ ವಸ್ತುಗಳಿಗೆ ಪ್ರವೇಶವಿಲ್ಲ.

ದೋಣಿ ಕಳಕೊಂಡವನಿಗೆ ಬೋಟಿನ ಕಂಪೆನಿ ಎರಡು ಕೆಲಸ ಕೊಟ್ಟಿತು. ಬೋಟು ಬಂದಾಗ ಹಗ್ಗ ಕಟ್ಟುವುದು, ಹೊರಡುವಾಗ ಬಿಚ್ಚುವುದು ಒಂದು. ಹತ್ತುವವರ ಚೀಲ ಮೂಸುವುದು ಇನ್ನೊಂದು. “ನಿಮ್ಮವರ ನಾತ ನಿಮಗಲ್ವಾ ಗೊತ್ತಾಗುವುದು,” ಎಂದು ಮೋಹನದಾಸ ಅವತ್ತು ಬೆನ್ನು ತಟ್ಟಿದ್ದ.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಬೆಂಗ್ರೆಯವರಿಗೆ ಅತ್ತ ಕಡಲು ಇತ್ತ ಹೊಳೆ. ಬಸ್ಸಿನಲ್ಲಿ ಸುತ್ತಿ ಹೋಗೋಣವೆಂದರೆ ಬುಟ್ಟಿ ಕಂಡ ಕೂಡಲೇ ಕಂಡಕ್ಟರ್ ರೈಟ್ ಹೇಳಿಬಿಡುತ್ತಾನೆ. ರಿಕ್ಷಾ ಹಿಡಿದರೆ ದುಡಿದದ್ದು ರಿಕ್ಷಾದವನ ಪಾಲು. ಉಳಿದದ್ದು ರವೂಫ್ ಸಾಹುಕಾರನ ವ್ಯಾನು. ಅದರಲ್ಲಿ ಮೀನು ಹೋಗುತ್ತದೆ, ಆದರೆ ಅವನು ಹೇಳಿದ್ದೇ ರೇಟು.

ಆ ಸಂಜೆ ರವೂಫ್ ಮೊಯ್ದೀನಬ್ಬನ ಮನೆಗೇ ಬಂದ. ಒಳಗೆ ಗೋಡೆಗೆ ಒರಗಿಸಿ ಒಣ ನಂಗು ಮೀನು, ಒಣ ಸಿಗಡಿಯ ಮೂಟೆಗಳು ಮಾಡಿನವರೆಗೆ ಪೇರಿಸಿದ್ದವು. ಮಗಳು ಸುಹರಾ ಬಿಸಿಲಿಗೆ ಬೆನ್ನು ಕೊಟ್ಟು ಒಣಗಿಸಿದ್ದು. ಅವಳ ಗಂಡ ದುಡಿಯಲು ದಮ್ಮಾಮಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮೊದಲು ಅವಳು ರವೂಫನ ಅಂಗಳದಲ್ಲೇ ಮೀನು ಒಣಗಿಸುತ್ತಿದ್ದಳು. ಉಪ್ಪುನೀರಿನಲ್ಲಿ ನಿಂತೂ ನಿಂತೂ ಕಾಲಿನ ಬೆರಳ ಸಂದಿಗಳೆಲ್ಲ ಕೊಳೆತದ್ದನ್ನು ಸಹಿಸಿಕೊಂಡಿದ್ದಳು. ಒಂದು ದಿನ ಸಾಹುಕಾರ ಗೋಡೌನಿನ ಕತ್ತಲಲ್ಲಿ ಮೈಗೆ ಕೈ ಹಾಕಿದ. ಅವಳು ಒಂದು ಮುಷ್ಟಿ ಕಲ್ಲುಪ್ಪನ್ನು ಅವನ ಕಣ್ಣಿಗೆ ಎರಚಿ ಮನೆಗೆ ನಡೆದಿದ್ದಳು. ಅಂದಿನಿಂದ ಸ್ವಂತ ಒಣಗಿಸಿ, ಪೇಟೆಯ ಫಳ್ನೀರಿನ ಫ್ಲಾಟುಗಳ ಬಾಗಿಲು ಬಾಗಿಲಿಗೆ ಹೋಗಿ ಮಾರುತ್ತಿದ್ದಳು. ಈಗ ಬೋಟಿನ ಬೋರ್ಡು ಅವಳನ್ನು ಮನೆಯಲ್ಲಿ ಕೂರಿಸಿತ್ತು.

“ಮೋಡ ಕಟ್ಟಿದೆ. ಥಂಡಿ ಹಿಡಿದ್ರೆ ಹುಳ ಬೀಳ್ತದೆ,” ಅಂದ ರವೂಫ್, ಮೂಟೆಗೆ ಕೈಯಾಡಿಸುತ್ತ. “ಮೀನು ನಾನೇ ತೆಗೀತೇನೆ. ಸುಹರಾ ನಾಳೆಯಿಂದ ಅಂಗಳಕ್ಕೂ ಬರ್ಲಿ. ಹಳೇದೆಲ್ಲ ನಾನು ಮರ್ತಿದ್ದೇನೆ.”

ಮರೆಯಬೇಕಾದವನು ಅವನಂತೆ. ಮೊಯ್ದೀನಬ್ಬನ ಕೈ ಬಾಗಿಲ ಅಡ್ಡಪಟ್ಟಿಯ ಮೇಲಿತ್ತು. ಅದನ್ನೆತ್ತಿ ಅವನ ತಲೆಗೆ ಹಾಕಬೇಕೆನ್ನಿಸಿತು. ಹಾಕಲಿಲ್ಲ. “ನೋಡುವಾ ಸಾಹುಕಾರ್ರೇ,” ಅಂದ. ಅಂದದ್ದಕ್ಕೆ ತನ್ನ ಬಾಯಿಗೇ ಉಗಿಯಬೇಕೆನ್ನಿಸಿತು.

ರವೂಫ್ ಹೋದ ಮೇಲೆ ಸುಹರಾ ಅಟ್ಟದಿಂದ ಗಂಡನ ಹಳೆಯ ಸೂಟ್‌ಕೇಸನ್ನು ಇಳಿಸಿದಳು.

“ನಾಳೆ ನಾನು ಬೋಟಿಗೆ ಬರ್ತೇನೆ ಉಪ್ಪಾ.”

“ಬೇಡ ಮಗಳೇ. ನನ್ನ ಎದುರಿಗೆ ಬರ್ಬೇಡ.”

“ನಿಮ್ಮ ಮೂಗಿಗೆ ಗೊತ್ತಾಗುವುದಿಲ್ಲವಲ್ಲ.”

“ಆ ಬೇವರ್ಸಿಗೆ ಗೊತ್ತಾಗ್ತದೆ. ಜನರ ಎದುರು ಮರ್ಯಾದೆ ತೆಗೀತಾನೆ.”

“ಮತ್ತೆ ರವೂಫನ ಅಂಗಳಕ್ಕೆ ಹೋಗ್ಲಾ? ಹೋಗು ಅಂತ ನೀವು ಬಾಯಿಬಿಟ್ಟು ಹೇಳಿ. ಈಗಲೇ ಹೋಗ್ತೇನೆ.”

ಅವಳು ಸಿಗಡಿಯ ಪ್ಯಾಕೆಟುಗಳನ್ನು ಒಂದರ ಮೇಲೊಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತತೊಡಗಿದಳು.

ಬೆಳಿಗ್ಗೆ ಕೂಳೂರಿನಿಂದ ಬೋಟು ತುಂಬಿಕೊಂಡೇ ಬಂತು. ಮೊಯ್ದೀನಬ್ಬ ಜೆಟ್ಟಿಯ ಗಿಡ್ಡ, ದಪ್ಪ ಕಬ್ಬಿಣದ ಗೂಟಕ್ಕೆ ಹಗ್ಗ ಬಿಗಿದು ಗೇಟಿಗೆ ಬಂದು ನಿಂತ. ಹಬ್ಬಕ್ಕೆ ಹೊಲಿಸಿದ ಬುರ್ಖಾ ತೊಟ್ಟು, ಸೂಟ್‌ಕೇಸನ್ನು ಉರುಳಿಸಿಕೊಂಡು ಸುಹರಾ ಸಾಲಿನ ಕೊನೆಯಲ್ಲಿದ್ದಳು. ವಿಮಾನ ಹತ್ತಲು ಹೊರಟವಳ ಗತ್ತು. ಹತ್ತಿರ ಬಂದಂತೆ ಅತ್ತರಿನ ಘಾಟು ಅವನ ಮುಖಕ್ಕೆ ಹೊಡೆಯಿತು, ಬಾಟಲಿಯನ್ನೇ ಬಗ್ಗಿಸಿದ್ದಳು.

ಅವನು ಜಿಪ್ಪು ಎಳೆದ. ಮೇಲೆ ಮಡಚಿದ ಬಟ್ಟೆಗಳು. ಮೂಗಿಟ್ಟ.

“ಎಂತ ಇಲ್ಲ ಸಾರ್.”

ನಿನ್ನೆಯ ಮಾತೇ. ನಿನ್ನೆ ಅದು ಸತ್ಯವಾಗಿತ್ತು.

“ಎಲ್ಲಿಗೆ ಬೀಬಿ, ದುಬೈಗಾ?” ಮೋಹನದಾಸ ಹಲ್ಲು ಕಿರಿದ.

“ಫಳ್ನೀರಿನ ಆಸ್ಪತ್ರೆಗೆ. ಎಡ್ಮಿಟ್ ಆಗ್ಲಿಕ್ಕುಂಟು.”

ಹತ್ತಿದಳು. ಕೂತಳು. ಮೊಯ್ದೀನಬ್ಬ ಹಗ್ಗ ಬಿಚ್ಚಲು ಗೂಟಕ್ಕೆ ಬಗ್ಗಿದ್ದ, ಅಷ್ಟರಲ್ಲಿ ಒಳಗಿಂದ ಹೆಂಗಸಿನ ದನಿ ಕೇಳಿಸಿತು. ದಿನಾ ಕೂಳೂರಿನಲ್ಲಿ ಹತ್ತಿ ಬಂದರಿನ ಬ್ಯಾಂಕಿಗೆ ಹೋಗುವ ಆಶಾಲತಾ ಮೇಡಂ.

“ಇಲ್ಲಿ ಎಂತದೋ ನಾತ ಮಾರಾಯ್ರೇ. ಸೆಂಟಿನ ಅಡಿಯಲ್ಲಿ ಬೇರೆ ಎಂತದೋ ಉಂಟು.”

ಮುಚ್ಚಿದ ಗಾಜು, ತಣ್ಣನೆ ಗಾಳಿ. ಅತ್ತರು ಸೋತಿತು. ಮೋಹನದಾಸ ಸೀಟುಗಳ ನಡುವೆ ಮೂಗು ಅರಳಿಸಿಕೊಂಡು ಬಂದು ಸುಹರಾಳ ಮುಂದೆ ನಿಂತ. ಸೂಟ್‌ಕೇಸನ್ನು ಎಳೆದು ತೆರೆದ. ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಬಿಸಾಡಿದ, ಅವಳ ಒಳಲಂಗವನ್ನು ಎಲ್ಲರಿಗೂ ಕಾಣುವಂತೆ ಬೆರಳ ತುದಿಯಲ್ಲಿ ಎತ್ತಿ ಹಿಡಿದ. ಮೊಣಕೈವರೆಗೆ ಕೈ ಇಳಿಸಿ ಪ್ಯಾಕೆಟುಗಳನ್ನು ಹರಿದ. ಸಿಗಡಿ ಸುರಿಯಿತು. ಎರಡು ಮುಷ್ಟಿ ಬಾಗಿಲಿನಿಂದ ಹೊಳೆಗೆ ಎಸೆದ.

“ಏಯ್ ಬ್ಯಾರಿ, ಇಲ್ಲಿ ಬಾ. ಇವಳು ನಿನ್ನ ಮಗಳಲ್ವಾ?”

ಮೊಯ್ದೀನಬ್ಬ ಹಗ್ಗ ಬಿಚ್ಚದೆ ಒಳಗೆ ಬಂದ. “ಹೌದು ಸಾರ್.”

“ಅಪ್ಪ ಮಗಳು ಸೇರಿ ನಾಟಕ. ಉಳಿದದ್ದನ್ನು ನೀನೇ ಹೊಳೆಗೆ ಹಾಕು, ನಿನ್ನ ಕೈಯಿಂದಲೇ. ಹಾಕಿದ್ರೆ ಕೆಲಸ ಉಂಟು. ಇಲ್ಲದಿದ್ರೆ ಅಂಗಿ ಬಿಚ್ಚಿ ಇಳಿ.”

ಸುಹರಾ ಬಿದ್ದ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನು ಏನು ಮಾಡುತ್ತಿದ್ದನೋ.

ಅವನು ಸೂಟ್‌ಕೇಸನ್ನು ಎತ್ತಿದ. ಜಿಪ್ಪು ಎಳೆದು ಮುಚ್ಚಿ ಮಗಳ ತೊಡೆಯ ಮೇಲಿಟ್ಟ.

“ರೂಲ್ಸ್ ಅಂದ್ರೆ ರೂಲ್ಸೇ ಸಾರ್,” ಅಂದ. “ಆದ್ರೆ ನನ್ನ ಕೆಲಸ ಅರ್ಧ ಆಗಿದೆ. ಕೂಳೂರಿನಲ್ಲಿ ಹತ್ತಿದವರನ್ನು ನಾನು ಮೂಸ್ಲೇ ಇಲ್ಲ.”

ಮೊದಲ ಸೀಟಿನಲ್ಲಿ ಪೂಜೆಗೆಂದು ಪೇಟೆಯ ದೇವಸ್ಥಾನಕ್ಕೆ ಹೊರಟಿದ್ದ ವಿಷ್ಣುಮೂರ್ತಿ ಭಟ್ಟರಿದ್ದರು. ಅವನು ಬಗ್ಗಿದ್ದೇ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಮುಟ್ಟುವುದಿಲ್ಲ ಭಟ್ರೇ. ಮೂಸುವುದು ಮಾತ್ರ.”

“ನನ್ನದು ಗಂಧ ಮಾರಾಯ.”

“ಹೌದು, ಗಂಧ. ನೀವು ಕೂತ್ಕೊಳ್ಳಿ.” ಪಕ್ಕಕ್ಕೆ ಸರಿದ. “ಮೇಡಂ, ನಿಮ್ಮ ಬುತ್ತಿ ತೆಗೀರಿ.”

“ಅದು ನನ್ನ ಊಟ,” ಅಂದರು ಆಶಾಲತಾ.

“ಎಂತ ಊಟ?”

ಅವರು ಚೀಲವನ್ನು ಕಂಕುಳಿಗೆ ಒತ್ತಿಕೊಂಡರು.

“ನನ್ನ ಮೂಗಿಗೆ ಮೀನು ಗೊತ್ತಾಗುವುದಿಲ್ಲ ಮೇಡಂ. ಹುಟ್ಟಿದಂದಿನಿಂದ ಗೊತ್ತಾಗ್ಲಿಲ್ಲ. ಇಷ್ಟು ದಿನ ನಾನು ಸುಮ್ಮನೆ ಮೂಸಿದ್ದು, ಹೊಟ್ಟೆಪಾಡಿಗೆ. ನಿಮಗೆ ಗೊತ್ತಾಗ್ತದಲ್ಲ, ನೀವೇ ಮೂಸಿ ಹೇಳಿ. ಉಂಟಾ, ಇಲ್ವಾ?”

ಹೇಳಬಾರದ ಮಾತು ಹೊರಗೆ ಬಿತ್ತು. ಅದು ಬಿದ್ದ ಮೇಲೆ ಅವನಿಗೆ ಮೈ ಹಗುರಾಯಿತು. ಆಶಾಲತಾ ಬುತ್ತಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿದರು. ಹಿಂದಿನ ಸೀಟಿನ ಮುದುಕ ರಾತ್ರಿ ಮೀನು ಉಂಡ ತನ್ನ ಬೆರಳನ್ನು ತಾನೇ ಮೂಗಿಗೆ ಹಿಡಿದು ನೋಡಿ, ಮೆಲ್ಲಗೆ ಜೇಬಿಗೆ ಸೇರಿಸಿದ.

“ಹಗ್ಗ ಬಿಚ್ಚೋ ಬೋಳಿಮಗನೇ,” ಮೋಹನದಾಸ ಕೂಗಿದ. ಚಾಲಕ ಹಾರ್ನು ಹೊಡೆದ. ಇಂಜಿನು ಗುರುಗುಟ್ಟಿತು, ಬೋಟು ಒಮ್ಮೆ ಮುಂದಕ್ಕೆ ಜಗ್ಗಿ ಅಲ್ಲೇ ನಿಂತಿತು.

“ಬಿಚ್ಚುತ್ತೇನೆ ಸಾರ್. ಕೆಲಸ ಮುಗೀಲಿ.”

ಸೀಟಿನಿಂದ ಸೀಟಿಗೆ ಬಗ್ಗುತ್ತ ಹೋದ. “ಕೈ ಕೊಡಿ. ಮೂಸಿ ಹೇಳಿ. ಉಂಟಾ, ಇಲ್ವಾ?” ಕೆಲವರು ಬೈದರು. ಕೆಲವರು ಮೊಬೈಲು ಎತ್ತಿ ಹಿಡಿದರು. ಉಳಿದವರು ಕೈಗಳನ್ನು ಕಂಕುಳಿಗೆ, ಚೀಲದ ಅಡಿಗೆ, ಸೆರಗಿನೊಳಗೆ ಸೇರಿಸಿದರು. ಇಲ್ಲ ಎಂದು ಹೇಳಿದವರು ಭಟ್ಟರ ಹೊರತು ಯಾರೂ ಇಲ್ಲ.

ಮೋಹನದಾಸ ಹಗ್ಗ ತಾನೇ ಬಿಚ್ಚುತ್ತೇನೆಂದು ಜೆಟ್ಟಿಗೆ ಜಿಗಿದ. ಗೂಟದ ಮೇಲೆ ದೇಯಿಯಕ್ಕ ಕೂತಿದ್ದಳು, ತೊಡೆಯ ಮೇಲೆ ಮೀನಿನ ಚೀಲ. ಅವಳ ಸುತ್ತ, ಗಲಾಟೆ ಕೇಳಿ ಬಂದ ಬೆಂಗ್ರೆಯ ಹೆಂಗಸರು ಬುಟ್ಟಿ ಇಳಿಸಿಕೊಂಡು ಒತ್ತಾಗಿ ನಿಂತಿದ್ದರು.

“ಏಳು ಮುದುಕಿ.”

“ಕಾಲು ನೋವುಂಟು ಮಗಾ. ಎತ್ತುವುದಾದ್ರೆ ನೀನೇ ಎತ್ತು. ನಿನ್ನ ಅಂಗಿಗೆ ನಾತ ಹತ್ತಿದ್ರೆ ನಾನು ಕೇಳುವವಳಲ್ಲ.”

ಅವನು ಅವಳನ್ನು ಮುಟ್ಟಲಿಲ್ಲ. ಫೋನು ಕಿವಿಗಿಟ್ಟುಕೊಂಡು ಬೋಟಿಗೆ ಮರಳಿದ. ಸ್ವಲ್ಪ ಹೊತ್ತಿಗೆ ಗೇಟಿನಾಚೆ ಮರಳಿನ ರಸ್ತೆಯಲ್ಲಿ ಪೊಲೀಸ್ ಜೀಪು ನಿಂತ ಸದ್ದಾಯಿತು, ಬಾಗಿಲುಗಳು ಬಡಿದವು. ಸುಹರಾ ಸೂಟ್‌ಕೇಸಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮೊಯ್ದೀನಬ್ಬ ಅತ್ತ ತಿರುಗಲಿಲ್ಲ. ಕೊನೆಯ ಸಾಲು ಮುಗಿಸಿ ಬಾಗಿಲಿಗೆ ಬಂದು ಮೋಹನದಾಸನ ಎದುರು ನಿಂತ.

“ನಿಮ್ಮದೊಂದು ಬಾಕಿ ಸಾರ್.”

ಮೋಹನದಾಸನ ಬಲಗೈ ಮೊಣಕೈವರೆಗೂ ಮೀನಿನ ಪುಡಿಯಿಂದ ಬೆಳ್ಳಗಾಗಿತ್ತು. ಕೈಗಡಿಯಾರದ ಪಟ್ಟಿಗೆ ಸಿಗಡಿಯ ಒಂದು ಉದ್ದ ಮೀಸೆ ಅಂಟಿಕೊಂಡಿತ್ತು. ಬೋಟಿನಲ್ಲಿದ್ದವರೆಲ್ಲ ಆ ಕೈಯನ್ನೇ ನೋಡಿದರು. ಅವನು ಅದನ್ನು ಬೆನ್ನ ಹಿಂದೆ ಸರಿಸಿದ.

ಜೆಟ್ಟಿಯ ಟೈಲ್ಸಿನ ಮೇಲೆ ಬೂಟುಗಳು ಓಡಿ ಬರುತ್ತಿದ್ದವು. ಮೊಯ್ದೀನಬ್ಬ ನಾಯಿಯ ಹಾಗೆ ಬಗ್ಗಿ ಮೂಗು ಮುಂದೆ ಮಾಡಿದ.

“ಕೈ ಕೊಡಿ ಸಾರ್,” ಅಂದ. “ನೀವು ಇಳಿಯದೆ ಬೋಟು ಬಿಡ್ಲಿಕ್ಕಿಲ್ಲ.”